ಕಟ್ಟಿಗೆ ಪುಡಿ ಬೆರೆಸಿದ ಎಣ್ಣೆ

ಬೆಟಗೇರಿಯ ಗ್ಯಾರೇಜಿನಲ್ಲಿ ಇವತ್ತು ಗೇರ್ ಎಣ್ಣೆಯ ಗಂಧಕದ ವಾಸನೆ ಮೂಗಿಗೆ ಬಡಿದಾಗ ಫಕೀರವ್ವನ ಬಲಗೈ ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಅಪ್ಪ ಹಳೆಯ ಪಿಕಪ್ಪಿನಲ್ಲಿ ಅಡರಕಟ್ಟಿಯ ಹೆಂಗಸರನ್ನು ಮೆಣಸಿನಕಾಯಿ ಬಿಡಿಸಲು ಸೊರಟೂರಿಗೆ ಒಯ್ಯುತ್ತಿದ್ದ. ಹಿಂದಿನ ಗಾಲಿಗಳ ನಡುವಿನ ಹಲ್ಲುಚಕ್ರಗಳ ಪೆಟ್ಟಿಗೆ, ಡಿಫರೆನ್ಷಿಯಲ್, ಒಂದೇ ಸಮ ಊಳಿಡುತ್ತಿತ್ತು.

"ಏನಪಾ, ನಿನ್ನ ಗಾಡಿ ನಮಗಿಂತ ಮೊದಲ ಅಳಾಕತ್ತೈತಿ," ಎಂದು ಅವರಲ್ಲಿ ಹಿರಿಯಳಾದ ಫಕೀರವ್ವ ನಗುತ್ತಿದ್ದಳು.

"ಒಳಗ ಹಲ್ಲು ಸವದಾವ್ರಿ, ಬಿಚ್ಚಬೇಕು. ಎಣ್ಣಿನೂ ಸರಿಯಾದ್ದು, ತೊಂಬತ್ತು ನಂಬರಿಂದು ಹಾಕಬೇಕು," ಎಂದ ಒಂದು ದಿನ ಗಾಡಿ ನೋಡಿದ ಮಿಸ್ತ್ರಿ.

"ಸುಗ್ಗಿ ಮುಗೀಲಿ. ಈಗ ದಪ್ಪನ್ನ ಎಣ್ಣಿ ಹಾಕು, ಸದ್ದು ಅಡಗಿದ್ರ ಆತು," ಎಂದ ಅಪ್ಪ. ಸದ್ದು ನುಂಗಲೆಂದು ಆ ಎಣ್ಣೆಯಲ್ಲಿ ಬೆರೆಸಲು ಬಡಿಗೇರರ ಮನೆಯಿಂದ ಕಟ್ಟಿಗೆ ಪುಡಿಯನ್ನು ಲಂಗದಲ್ಲಿ ತುಂಬಿ ತಂದವಳು ನಾನೇ.

ಗಾಡಿ ಸುಮ್ಮನಾಯಿತು. ಮೂರನೆಯ ದಿನ ಆ ಹಲ್ಲುಗಳು ಮುರಿದು, ಹಿಂದಿನ ಗಾಲಿಗಳು ಬಿಗಿದುಕೊಂಡು, ಹೆಂಗಸರೆಲ್ಲ ರಸ್ತೆಗೆ ಬಿದ್ದರು. ಫಕೀರವ್ವನ ಬಲಗೈ ಮತ್ತೆಂದೂ ಮೆಣಸಿನಕಾಯಿ ಬಿಡಿಸಲಿಲ್ಲ. ಊರು ಅದನ್ನು ಹಣೆಬರಹ ಎಂದಿತು. ಅಲ್ಲ, ಅದು ನಾವು ಮಾಡಿದ್ದು. ಅಳುವ ಬಾಯಿಗೆ ಬಟ್ಟೆ ತುರುಕಿ ಅದನ್ನೇ ರಿಪೇರಿ ಎಂದವರನ್ನು ನಾನು ಕ್ಷಮಿಸಲಾರೆ, ಅಪ್ಪನನ್ನೂ, ನನ್ನನ್ನೂ.

"ಅಕ್ಕಾರ, ಸದ್ದು ಭಾಳ ಐತಿ. ದಪ್ಪನ್ನ ಎಣ್ಣಿ ಹಾಕಲೇನ್ರಿ?" ಇವತ್ತಿನ ಮಿಸ್ತ್ರಿ ನನ್ನ ಈಗಿನ ಪಿಕಪ್ಪಿನ ಕೆಳಗಿನಿಂದ ಕೇಳಿದ.

"ಬ್ಯಾಡ. ಬಿಚ್ಚು," ಎಂದೆ.