ಛತ್ರದ ಅನ್ನ, ಲ್ಯಾಬಿನ ಯೀಸ್ಟ್

ಯೀಸ್ಟ್ ಬೆಳೆಸುವುದರಲ್ಲಿ ನನ್ನದು ಪಳಗಿದ ಕೈ ಎಂಬ ಹೆಮ್ಮೆ ನನಗೆ ಅಂದೂ ಇತ್ತು, ಇಂದೂ ಇದೆ. ಹಾಗಾಗಿ ಎರಡು ಸಲ ಸೋತಾಗ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಕೆಲಸ ಹೇಳಲು ಸುಲಭ. ಚಾಮರಾಜಪುರಂನ ಛತ್ರವೊಂದರಲ್ಲಿ ಮದುವೆ ಊಟ ಮುಗಿದ ಮೇಲೆ ಹಂಡೆಯಲ್ಲಿ ಉಳಿದ ಅನ್ನವನ್ನು ಲ್ಯಾಬಿಗೆ ತರಿಸುತ್ತಿದ್ದೆ. ಎಲೆಯ ಮೇಲಿನ ಎಂಜಲಲ್ಲ, ಬಡಿಸದೆ ಉಳಿದದ್ದು. ಅದನ್ನು ಗಂಜಿ ಮಾಡಿ, ಪಿಷ್ಟವನ್ನು ಸಕ್ಕರೆಯಾಗಿಸಿ, ಯೀಸ್ಟ್ ಬಿಟ್ಟರೆ ಅದು ತಿಂದು ತಿಂದು ಹೆಚ್ಚಬೇಕು. ಸೋಸಿ ಒಣಗಿಸಿದರೆ ಪ್ರೋಟೀನ್ ತುಂಬಿದ ಪುಡಿ. ನನ್ನ ಯೀಸ್ಟ್ ಮಾತ್ರ ಮುನಿಸಿಕೊಂಡ ಬೀಗರ ಹಾಗೆ ತೆಪ್ಪಗೆ ಕೂತುಬಿಟ್ಟಿತ್ತು. ಪಾತ್ರೆ ಬದಲಿಸಿದೆ, ನೀರು ಬದಲಿಸಿದೆ, ಕೊನೆಗೆ ಯೀಸ್ಟಿಗೇ ಬೈದೆ.

"ಇನ್ನೊಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ನಿಲ್ಲಿಸಿಬಿಡಿ" ಎಂದರು ಮೇಲಿನವರು. ನಿಲ್ಲಿಸುವ ಪೈಕಿ ನಾನಲ್ಲ. ಮೂರನೆಯ ಸಲ ಅನ್ನ ತರಲು ನಾನೇ ಹೋದೆ.

ಕೊನೆಯ ಪಂಕ್ತಿ ಎದ್ದಿತ್ತು. ಅರವತ್ತು ದಾಟಿದ ಅಡುಗೆಯವರು ನಮಗೆಂದು ಎತ್ತಿಟ್ಟ ಅನ್ನಕ್ಕೆ ಬೊಗಸೆ ತುಂಬ ಕಲ್ಲುಪ್ಪು ಸುರಿದು ಕಲಸುತ್ತಿದ್ದರು. ನಾನು ಬೆಳೆಸುತ್ತಿದ್ದ ತಳಿಗೆ ಉಪ್ಪು ಆಗಿಬರುವುದಿಲ್ಲ. ಲ್ಯಾಬಿನಲ್ಲಿ ಏನನ್ನೂ ಬಾಯಿಗಿಡಬಾರದೆಂಬ ಶಿಸ್ತಿನ ನಾನು ಹಿಂದಿನ ಎರಡು ಸಲ ಬಂದ ಅನ್ನದ ಒಂದು ಅಗುಳನ್ನೂ ರುಚಿ ನೋಡಿರಲಿಲ್ಲ.

"ಅಯ್ಯೋ, ಉಪ್ಪು ಯಾಕೆ ಹಾಕ್ತಿದೀರಿ?" ಎಂದು ಕೂಗಿಯೇಬಿಟ್ಟೆ.

"ಬರೀ ಅನ್ನ ಹೆಂಗಮ್ಮ ಕಳಿಸೋದು? ಹಸಿದೋರು ತಿನ್ನೋದಲ್ವಾ? ಸಾರಿಲ್ದಿದ್ರೂ ನೀರು ಹಾಕ್ಕೊಂಡು ಕುಡೀಲಿ ಅಂತ. ಹಳಸ್ದೇ ಇರ್ಲಿ ಅಂತ ಒಂದ್ ಹಿಡಿ ಜಾಸ್ತೀನೇ ಹಾಕ್ಬುಡ್ತೀನಿ ಕಣಮ್ಮ."

ನಾಚಿಕೆಯಾಯಿತು. ಅನ್ನ ಬೇಕು ಎಂದು ಕೇಳಿದ್ದೆನೇ ಹೊರತು ಯಾತಕ್ಕೆಂದು ಅವರಿಗೆ ಹೇಳಿರಲೇ ಇಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಅವರ ಮುಖ ಸಪ್ಪಗಾಯಿತು.

"ಹಂಗಾದ್ರೆ ಇಷ್ಟ್ ದಿನ ಯಾರೂ ತಿನ್ಲೇ ಇಲ್ವಾ?"

"ಇಲ್ಲ. ತಪ್ಪು ನಂದೇ. ಆದ್ರೆ ಪುಡಿ ಆದ್ಮೇಲೆ ತಿಂತಾರೆ. ಮೊದ್ಲು ನಿಮಗೇ ತಂದ್ಕೊಡ್ತೀನಿ."

ಅಡುಗೆಯವರು ಎದ್ದು, ಇನ್ನೊಂದು ಹಂಡೆಯಿಂದ ಉಪ್ಪು ಸೋಕದ ಅನ್ನವನ್ನು ಬಳಿದು ಕೊಟ್ಟರು.

ಮರುದಿನ ಬೆಳಿಗ್ಗೆ ಲ್ಯಾಬಿನಲ್ಲಿ ಯೀಸ್ಟ್ ಪಾತ್ರೆಯ ಮುಚ್ಚಳ ತೆಗೆದರೆ ಹುದುಗು ಬಂದ ಹಿಟ್ಟಿನ ಘಮ. ಒಬ್ಬಳೇ ಗಟ್ಟಿಯಾಗಿ ನಕ್ಕೆ. ಕೆಲಸ ನಿಲ್ಲಿಸುವ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಪರೀಕ್ಷೆಗಳೆಲ್ಲ ಮುಗಿದು, ತಿನ್ನಬಹುದು ಎಂದಾದ ಮೇಲೆ ಪುಡಿಯ ಡಬ್ಬಿ ಹಿಡಿದು ಛತ್ರಕ್ಕೆ ಹೋದೆ. ಅಡುಗೆಯವರು ಅದನ್ನು ಅಕ್ಕಿಹಿಟ್ಟಿಗೆ ಬೆರೆಸಿ ರೊಟ್ಟಿ ತಟ್ಟಿದರು. ಮೊದಲ ಚೂರನ್ನು ತಾವೇ ಬಾಯಿಗಿಟ್ಟು ನಿಧಾನವಾಗಿ ಅಗಿದರು.

"ಚೆನ್ನಾಗೈತೆ. ಉಪ್ಪು ಮಾತ್ರ ಹಾಕ್ಲಿಲ್ಲ, ಎಲ್ಲಿ ಬೈತೀರೋ ಅಂತ."

"ಇದು ಜನ ತಿನ್ನೋದಕ್ಕೆ. ಧಾರಾಳವಾಗಿ ಹಾಕಿ" ಎಂದು ಉಪ್ಪಿನ ಡಬ್ಬವನ್ನು ಅವರತ್ತ ಸರಿಸಿದೆ.