ರಾಯಪ್ಪನವರ ನಲವತ್ತು ದಿನ

ಹಿರಿಯೂರಿನ ನಮ್ಮ ಚರ್ಚಿನಲ್ಲಿ ತಪಸ್ಸುಕಾಲ ಶುರುವಾಯಿತೆಂದರೆ ನಾವು ದೇವರಿಗಿಂತ ಮೊದಲು ರಾಯಪ್ಪನವರಿಗೆ ಹೆದರುತ್ತೇವೆ. ಈಸ್ಟರ್‌ಗೆ ಮುಂಚಿನ ಆ ನಲವತ್ತು ದಿನ ಮೌನ ಕಾಯುವ ಕೆಲಸವನ್ನು ಅವರಿಗೆ ಯಾರೂ ಒಪ್ಪಿಸಿಲ್ಲ, ಅವರೇ ಹೊತ್ತುಕೊಂಡಿದ್ದಾರೆ. ಶುಕ್ರವಾರ ಶಿಲುಬೆಹಾದಿಯ ಪ್ರಾರ್ಥನೆಗೆ ಎಲ್ಲರಿಗಿಂತ ಮುಂಚೆ ಬಂದು ಗೇಟಿಗೆ ಎಣ್ಣೆ ಬಿಡುತ್ತಾರೆ, ಕಿರುಗುಟ್ಟುವ ಫ್ಯಾನು ಆರಿಸಿ ನಮ್ಮನ್ನು ಬೆವರಿನಲ್ಲಿ ಕೂರಿಸುತ್ತಾರೆ, ಹೆಂಗಸರ ಬಳೆಗಳನ್ನು ಕೆಕ್ಕರಿಸಿ ನೋಡುತ್ತಾರೆ. “ಫೋನ್ ಬಂದ್ ಮಾಡ್ರಿ. ದೇವ್ರು ಮಾತಾಡಿದ್ರೆ ನಿಮಗೆ ಕೇಳ್ಬೇಕೋ ಬ್ಯಾಡ್ವೋ?” ಹೈವೇಯಲ್ಲಿ ಲಾರಿ ಹಾರ್ನ್ ಹೊಡೆದರೆ ಎದ್ದು ಬಾಗಿಲಿಗೆ ಹೋಗಿ ರಸ್ತೆಯನ್ನೇ ದುರುಗುಟ್ಟಿ ನೋಡುತ್ತಾರೆ. ಉಪದೇಶ ಉದ್ದವಾದಾಗ ಒಮ್ಮೆ ಫಾದರ್ ಕಡೆಗೂ “ಶ್” ಎಂದದ್ದುಂಟು. ಕೆಮ್ಮಿದವರನ್ನು ಹೊರಗೆ ಕಳಿಸುತ್ತಾರೆ. ಆದರೆ ಒಂದು ಕೆಮ್ಮಿಗೆ ಮಾತ್ರ ಅವರು ಕಿವುಡರು. ಅದು ಕೊನೆಯ ಬೆಂಚಿನ ಚೌರಪ್ಪನವರದು. ರಾಯಪ್ಪನವರ ಒಡಹುಟ್ಟಿದ ತಮ್ಮ; ತಾಯಿಯನ್ನು ಮಣ್ಣು ಮಾಡಿದ ದಿನ ಜಗಳವಾಗಿ, ಹನ್ನೊಂದು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಎಲ್ಲ ಸದ್ದೂ ಅಡಗಿದ ಮೇಲೆ ಆ ಕೆಮ್ಮು ಬರುತ್ತದೆ, ರಾಯಪ್ಪನವರ ಕತ್ತು ಬಿಗಿಯುತ್ತದೆ, ತಿರುಗುವುದಿಲ್ಲ. ಕಳೆದ ಶುಕ್ರವಾರ ಫ್ಯಾನು ನಿಂತಿತ್ತು, ಲಾರಿಗಳೂ ಇರಲಿಲ್ಲ, ಪ್ರಾರ್ಥನೆ ಅರ್ಧ ಮುಗಿದರೂ ಹಿಂದಿನಿಂದ ಕೆಮ್ಮು ಬರಲಿಲ್ಲ. ಅವರು ಕಾದರು. ಇನ್ನೊಂದಿಷ್ಟು ಕಾದರು. ಆಮೇಲೆ ಎದ್ದು, ನಿಧಾನವಾಗಿ ಹಿಂದೆ ತಿರುಗಿದರು. ಕೊನೆಯ ಬೆಂಚು ಖಾಲಿ ಇತ್ತು. “ನಮ್ ಚೌರ ಯಾಕ್ ಬಂದಿಲ್ಲ?” ಎಂದು ರಾಯಪ್ಪನವರು, ಫಾದರ್ ಓದುತ್ತಿದ್ದುದು ನಿಲ್ಲುವಷ್ಟು ಗಟ್ಟಿಯಾಗಿ ಕೇಳಿದರು. ನಮ್ಮಲ್ಲಿ ಯಾರೂ “ಶ್” ಎನ್ನಲಿಲ್ಲ.