ಬಂಡೆಕೋಟೆಯ ಕಾವಲುಗಾರ ಹೆಲಿಯರ್

ಫ್ರಾನ್ಸಿನ ದಡಕ್ಕೆ ಎದುರಾಗಿರುವ ನಮ್ಮ ಆಲ್ಡರ್ನಿ ದ್ವೀಪದಲ್ಲಿ ಹಸುಗಳು ಹೆಚ್ಚೋ ಕೋಟೆಗಳು ಹೆಚ್ಚೋ ಎಂಬ ವಾದ ಹೆಂಡದಂಗಡಿಯಲ್ಲಿ ಇನ್ನೂ ಬಗೆಹರಿದಿಲ್ಲ. ಫ್ರೆಂಚರು ಬಂದಾರೆಂದು ವಿಕ್ಟೋರಿಯಾ ರಾಣಿಯ ಸರ್ಕಾರ ಕಂಡಕಂಡ ಬಂಡೆಯ ಮೇಲೆಲ್ಲ ಕೋಟೆ ಕಟ್ಟಿಸಿತು. ಫ್ರೆಂಚರೇನೋ ಬಂದರು, ಈರುಳ್ಳಿ ಮಾರುವುದಕ್ಕೆ.

ನನ್ನಜ್ಜನ ಕಾಲಕ್ಕೆ ಬಂಡೆಕೋಟೆಯ ಕಾವಲು ಹೆಲಿಯರ್ ಗೋಡಿಯನ್‌ನದು. ಎರಡು ತೋಪು, ಒಂದು ಮದ್ದಿನ ಕೋಣೆ, ಒಂದು ಹಸು, ಹೆಂಡತಿ ರೋಸಲಿ. ಅವನ ದಂಡೆಂದರೆ ಇಷ್ಟೇ. ಆದರೂ ಹಿತ್ತಾಳೆ ಗುಂಡಿಗಳನ್ನು ದಿನಾ ಬೂದಿ ಹಾಕಿ ಬೆಳಗಿ, ಇಡೀ ಸಾಮ್ರಾಜ್ಯ ತನ್ನ ಅಂಗಿಗೇ ತೂಗುಬಿದ್ದಿದೆ ಎಂಬಂತೆ ನಡೆಯುತ್ತಿದ್ದ. ದಡದಿಂದ ಕೋಟೆಗೆ ಒಂದು ಕಲ್ಲುಹಾದಿ, ಉಬ್ಬರ ಬಂದರೆ ಅದೂ ಮುಳುಗುತ್ತದೆ. ತೋಪು ಹಾರಿಸುವ ದಿನ ಕಂಬಕ್ಕೆ ಕೆಂಪು ಬಾವುಟ ಏರುತ್ತಿತ್ತು. ಅದು ಇಳಿಯುವ ತನಕ ಆ ಹಾದಿಗೆ ಯಾರೂ ಕಾಲಿಡುವಂತಿಲ್ಲ.

ಒಮ್ಮೆ ಸೂಲಗಿತ್ತಿ ಜೂಡಿತ್ ಏಡಿಬುಟ್ಟಿ ಹೊತ್ತು, ಬಾವುಟದ ಕಡೆ ನೋಡದೆ ನಡೆದುಬಂದಳು. ಹೆಲಿಯರ್ ಅವಳನ್ನು ನೇರ ನ್ಯಾಯಾಧೀಶರ ಮುಂದೆ ನಿಲ್ಲಿಸಿದ.

"ಅಲ್ಲವೋ, ನಿಮ್ಮವ್ವನ ಹೊಟ್ಟೆಯಿಂದ ನಿನ್ನ ಈಚೆಗೆ ಎಳೆದೋಳು ನಾನು. ನನಗೇ ಕಾನೂನು ಹೇಳ್ತೀಯಾ?"

"ಅವತ್ತು ಬಾವುಟ ಹಾರ್ತಿರ್ಲಿಲ್ಲ, ಜೂಡಿತಕ್ಕ."

ನ್ಯಾಯಾಧೀಶರು ನಗು ನುಂಗಿಕೊಂಡರು. ಆದರೆ ಹೆಲಿಯರ್ ಬಿಡಲಿಲ್ಲ. ಕೆಂಪು ಬಾವುಟ ಇರುವಾಗ ಆ ಹಾದಿ ತುಳಿಯುವುದಿಲ್ಲವೆಂದು ಬೈಬಲ್ ಮುಟ್ಟಿಸಿ ಆಣೆ ಹಾಕಿಸಿದ. ಊರಿಗೆ ಮಾತ್ರ ತಿಂಗಳುಗಟ್ಟಲೆ ಹಬ್ಬ. "ಗೋಡಿಯನ್ ಸಾಹೇಬ್ರೇ, ಕೆಮ್ಮು ಬರ್ತಿದೆ. ಬಾವುಟ ಏರಿಸ್ತೀರಾ?" ಎಂದು ಮೀನುಗಾರರು ಕೇಳುವರು. ಇವನು ಗಡ್ಡ ನೀವಿಕೊಂಡು, "ಶಿಸ್ತು ಅಂದ್ರೆ ನಿಮಗೇನು ಗೊತ್ರಯ್ಯಾ" ಎನ್ನುವನು.

ಮಕ್ಕಳ ಆಸೆಯನ್ನೇ ಬಿಟ್ಟಿದ್ದ ವಯಸ್ಸಿನಲ್ಲಿ ರೋಸಲಿ ಬಸುರಾದಳು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಬಂದರಿನಿಂದ ಸಿಪಾಯಿಗಳು ದೋಣಿಯಲ್ಲಿ ಬಂದು, ತೇಲಿಬಿಟ್ಟ ಪೀಪಾಯಿಗೆ ಗುರಿಯಿಟ್ಟು ತೋಪು ಹಾರಿಸಿದರು. ಪೀಪಾಯಿ ಒಂದು ಗೀರೂ ಇಲ್ಲದೆ ಫ್ರಾನ್ಸಿನ ಕಡೆ ಹೊರಟುಹೋಯಿತು. ಸಿಪಾಯಿಗಳು ದೋಣಿ ಹತ್ತುವ ಹೊತ್ತಿಗೆ ರೋಸಲಿಗೆ ನೋವು ಬಂತು. ದಿನ ತುಂಬಿರಲಿಲ್ಲ.

"ಜೂಡಿತಕ್ಕನ್ನ ಕಳಿಸ್ರಪ್ಪಾ, ಬೇಗ!" ಎಂದು ಹೆಲಿಯರ್ ಕೂಗಿದ. ಮದ್ದಿನ ಕೋಣೆಗೆ ಬೀಗ ಜಡಿದ. ಇನ್ನು ಬಾವುಟ ಇಳಿಸಬೇಕು, ಅಷ್ಟರಲ್ಲಿ ಒಳಗಿಂದ ರೋಸಲಿ ಚೀರಿದಳು. ಓಡಿದ.

ಸುದ್ದಿ ಬಂದರಿನ ಹೆಂಡದಂಗಡಿ ಹಾದು ಜೂಡಿತ್‌ಗೆ ಮುಟ್ಟುವಷ್ಟರಲ್ಲಿ "ರೋಸಲಿಗೆ ನೋವಂತೆ" ಎಂಬುದಷ್ಟೇ ಉಳಿದಿತ್ತು, ತೋಪು ಹಾರಿಸಿ ಮುಗಿದದ್ದನ್ನು ಯಾರೂ ಹೇಳಲಿಲ್ಲ. ಮಂಡಿನೋವಿನ ಮುದುಕಿ ಓಡೋಡಿ ಬಂದಳು. ಹಾದಿ ಇನ್ನೂ ಒಣಗಿತ್ತು. ಮೇಲೆ ಬಾವುಟ ಪಟಪಟಿಸುತ್ತಿತ್ತು. ಇನ್ನೊಂದು ಗುಂಡು ಬಾಕಿಯಿರಬೇಕು ಎಂದುಕೊಂಡು ನಿಂತಳು. ಕೂಗಿದಳು, ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಬೀಸಿದಳು. ಆದರೆ ಕೋಟೆಯ ಕಿಂಡಿಗಳೆಲ್ಲ ಶತ್ರುವಿನ ಕಡೆಗೆ. ಊರಿನ ಕಡೆಗೆ ಒಂದೂ ಇಲ್ಲ.

"ಬಂದ್ಲಾ?" ಎಂದಳು ರೋಸಲಿ.

"ಬರ್ತಾಳೆ. ಮುದುಕಿ ಎಲ್ಲೋ ಚಹಾ ಹೀರ್ತಾ ಕೂತಿರ್ಬೇಕು."

"ಅವಳನ್ನ ಬೈಬೇಡ, ಹೆಲಿಯರ್. ಬಂದೇ ಬರ್ತಾಳೆ."

ಕೂಸು ಅವನ ಕೈಗೇ ಬಂತು. ಹೆಣ್ಣು, ಗಟ್ಟಿಯಾಗಿ ಅತ್ತಿತು. ರಕ್ತ ಮಾತ್ರ ನಿಲ್ಲಲಿಲ್ಲ. ಮನೆಯಲ್ಲಿದ್ದ ಬಟ್ಟೆಯೆಲ್ಲ ತೋಯ್ದ ಮೇಲೆ ಅವನು ಬಾಗಿಲಿಗೆ ಓಡಿದ. ಕಲ್ಲುಹಾದಿಯ ಮೇಲೆ ಕಡಲು ನುಗ್ಗಿ ಹರಿಯುತ್ತಿತ್ತು. ಆಚೆ ದಡದಲ್ಲಿ ಜೂಡಿತ್ ನಿಂತಿದ್ದಳು.

"ಯಾಕೆ ಬರ್ಲಿಲ್ಲ? ಯಾಕೆ?"

ಅವಳು ಕೈ ಎತ್ತಿ ಅವನ ತಲೆಯ ಮೇಲಕ್ಕೆ ತೋರಿಸಿದಳು.

ಅವನು ಹಗ್ಗ ಬಿಚ್ಚಿದ. ಬಾವುಟ ಇಳಿದದ್ದೇ ತಡ ಜೂಡಿತ್ ನೀರಿಗಿಳಿದಳು. ಸೊಂಟದವರೆಗೆ ಹೋದವಳನ್ನು ಮೀನುಗಾರರು ಎಳೆದು ತಂದರು. ಆ ಸೆಳೆತಕ್ಕೆ ದೋಣಿ ಇಳಿಸುವ ಧೈರ್ಯ ಯಾರಿಗೂ ಆಗಲಿಲ್ಲ. ಇಳಿತ ಬಂದು ಹಾದಿ ಬಿಟ್ಟಾಗ ಅವಳು ಕೋಟೆ ಸೇರಿದಳು. ರೋಸಲಿಯ ಕೈ ಆಗಲೇ ತಣ್ಣಗಾಗಿತ್ತು.

ಮಣ್ಣಿನ ದಿನ ಇಡೀ ಊರು ಬಂತು. ಹೆಲಿಯರ್ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಒಬ್ಬರಾದರೂ ಒಂದು ಮಾತು ಅಂದಾರು ಎಂದು ಕಾಯುವವನ ಹಾಗೆ. ಯಾರೂ ಏನೂ ಅನ್ನಲಿಲ್ಲ. ಅವತ್ತಿನಿಂದ ಅವನನ್ನು ಗೇಲಿ ಮಾಡುವುದನ್ನೇ ನಮ್ಮವರು ಬಿಟ್ಟುಬಿಟ್ಟರು. ಅವನು ಹೆಂಡದಂಗಡಿಗೆ ಬಂದರೆ ಎದ್ದು ಜಾಗ ಕೊಡುವರು. ಮರ್ಯಾದೆಗಾಗಿ ಜೀವಮಾನವೆಲ್ಲ ಹಂಬಲಿಸಿದವನು, ಸಿಕ್ಕಿದ ಮೇಲೆ ಅಲ್ಲಿಗೆ ಹೋಗುವುದನ್ನೇ ನಿಲ್ಲಿಸಿದ.

ಕೂಸು ಜೂಡಿತ್ ಮನೆಯಲ್ಲಿ ಹಸುವಿನ ಹಾಲು ಕುಡಿದು ಬೆಳೆಯಿತು. ಹಾದಿ ಒಣಗಿದಾಗಲೆಲ್ಲ ಹೆಲಿಯರ್ ಬಂದು ಬಾಗಿಲಲ್ಲೇ ನಿಲ್ಲುತ್ತಿದ್ದ, ಗುಂಡಿಗಳು ಮಾಸಿಹೋಗಿದ್ದವು. ಒಂದು ದಿನ ಬಾಯಿಬಿಟ್ಟ:

"ಆಣೆ ಹಾಕಿಸ್ದೋನು ನಾನೇ. ಒಂದ್ಸಲ ಬೈದ್ಬಿಡು, ಜೂಡಿತಕ್ಕ."

"ಬೈದ್ರೆ ನಿನಗೆ ಹಗುರ ಆಗತ್ತೆ. ನಾನೂ ಅಲ್ಲೇ ನಿಂತಿದ್ದೆನಲ್ಲಪ್ಪಾ, ಗುಂಡು ಬಿದ್ರೆ ಬೀಳ್ಲಿ ಅಂತ ಬರಬಹುದಿತ್ತಲ್ಲ. ನನ್ನ ಯಾರು ಬೈಬೇಕು?"

ಕೂಸು ಎದ್ದು ಅಳತೊಡಗಿತು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

"ನಿಂತು ಏನ್ ನೋಡ್ತೀಯಾ? ಎತ್ಕೋ," ಎಂದಳು ಜೂಡಿತ್ ಒಲೆಯ ಕಡೆ ತಿರುಗುತ್ತ. "ತೋಪಲ್ಲ ಅದು. ಕತ್ತಿನ ಕೆಳಗೆ ಕೈ ಕೊಡು."